ಹಗುರ ತೂಗುವ ತಕ್ಕಡಿ

ಅತ್ಲಿಕ್ಪಾಕ್, ೧೪ ಜನವರಿ ೧೯೯೬

ಪ್ರೀತಿಯ ಅಕ್ಕ ಅಂಪಾರೋ,

ಇಪ್ಪತ್ತಾರು ಕಿಲೋ! ದೋನ್ ಮೆಲೇಸಿಯೋ ನಿನ್ನ ಕಾಗದವನ್ನು ಲಾರಿಯ ಕಿಟಕಿಯಿಂದಲೇ ಚಾಚಿದ. ನಾನು ಕೆಸರಿನಲ್ಲಿ ನಿಂತೇ ಓದಿ ಕೂಗಿಬಿಟ್ಟೆ.

"ಏನೇ ಹುಡುಗಿ, ಲಾಟರಿ ಹೊಡೀತಾ?" ಎಂದ.

"ಅದಕ್ಕಿಂತ ದೊಡ್ಡದು ಮಾವ. ನಮ್ಮಕ್ಕ ಕರಗಿದಾಳೆ!"

"ಕರಗೋಕೆ ಅವಳೇನು ಬೆಣ್ಣೆಯಾ?" ಎಂದು ಗೇರು ಹಾಕಿ ಹೊರಟುಹೋದ. ಕಾಫಿ ಮೂಟೆ ಹೊತ್ತು ನಿನ್ನ ಪುವೆಬ್ಲಾಕ್ಕೆ ಇಳಿಯುವ ಮುದುಕ, ನಮ್ಮಿಬ್ಬರ ಅಂಚೆಯವನೂ ಅವನೇ. ಅವನನ್ನು ಬೈಯುವಂತಿಲ್ಲ.

ಈಗ ಕೇಳು. ನೂರಾನಾಲ್ಕರಿಂದ ಎಪ್ಪತ್ತೆಂಟಕ್ಕೆ ಇಳಿದಿದ್ದು ಅರ್ಧ ಕೆಲಸವೂ ಅಲ್ಲ, ಇನ್ನು ಅಲ್ಲೇ ನಿಲ್ಲಬೇಕು. ಡಾಕ್ಟರು ಹೇಳಿದ್ದನ್ನು ನೀನೇ ಬರೆದಿದ್ದೀಯ: ಆಪರೇಷನ್ ದಿನ ಎಂಬತ್ತು ದಾಟಿದ್ದರೆ ನಿನ್ನ ಮೂತ್ರಪಿಂಡ ತೆಗೆಯುವುದಿಲ್ಲ. ತೆಗೆಯದಿದ್ದರೆ ನಿನ್ನ ಮಗನಿಗೆ, ನಮ್ಮ ಫೆರ್ಮಿನ್‌ಗೆ, ಬೇರೆ ಯಾರದೂ ಇಲ್ಲ. ಅವನಪ್ಪ ಗಡಿ ದಾಟಿ ಹೋದವನು ತಿರುಗಿ ನೋಡಿಲ್ಲ. ನನ್ನ ರಕ್ತ ಹೊಂದಲಿಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಹಾಗಾಗಿ ಉಳಿದವಳು ನೀನೊಬ್ಬಳೇ.

ಆರೋಗ್ಯ ಬ್ರಿಗೇಡಿನವರ ಕರಪತ್ರಗಳನ್ನು ಇದರ ಜೊತೆ ಕಳಿಸಿದ್ದೇನೆ. ನಾನು ಅವನ್ನು ಬಾಯಿಪಾಠ ಮಾಡಿದ್ದೇನೆ. ಸೋಮವಾರಕ್ಕೊಮ್ಮೆ ತೂಗಿಕೋ. ತಿಂದದ್ದನ್ನು ತಿಂದಾಗಲೇ ಬರೆದಿಡು. ಬೆಳಗಿನ ಊಟ ಬಿಡಬೇಡ. ಬಸ್ಸು ಬಿಟ್ಟು ನಡೆ. ಹಬ್ಬದ ಮನೆಗೆ ಹೋಗುವ ಮೊದಲೇ ಏನು ತಿನ್ನುತ್ತೇನೆ, ಏನನ್ನು ಬೇಡ ಎನ್ನುತ್ತೇನೆ ಎಂದು ನಿರ್ಧರಿಸಿಕೊಂಡು ಹೋಗು. ಪಥ್ಯ ತಪ್ಪಿ ಜಾರಿದವರಿಗೆಂದು ಬರೆದ ಕೊನೆಯ ಪಾಠವನ್ನು ಕಳಿಸಿಲ್ಲ. ತೂಕ ಇಳಿಸುವ ನಮ್ಮ ಹೆಂಗಸರ ಗುಂಪಿನಲ್ಲೂ ಓದಿಸುವುದಿಲ್ಲ. ಬೀಳಲು ಅನುಮತಿ ಕೊಟ್ಟರೆ ಜನ ಬಿದ್ದೇ ಬೀಳುತ್ತಾರೆ.

ಇಲ್ಲಿ ನೀರಿನ ಕೊಳವೆ ಇನ್ನೂ ಬಂದಿಲ್ಲ, ಸೋಡಾ ಲಾರಿ ಮಾತ್ರ ತಪ್ಪದೆ ಬರುತ್ತದೆ. ಹೆಂಗಸರು ಸಕ್ಕರೆ ನೀರು ಕುಡಿದೇ ಊದಿಕೊಂಡವರು. ಆದರೂ ನೋಡು: ಸೆಪ್ಟೆಂಬರಿನಲ್ಲಿ ಶುರುವಾದ ನನ್ನ ಗುಂಪು ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಕಾಫಿ ಸಾಹುಕಾರ ಉಬಾಲ್ದೋನ ಅಂಗಳದ ದೊಡ್ಡ ತಕ್ಕಡಿ ಹತ್ತುತ್ತದೆ. ನವೆಂಬರಿನಿಂದ ಎಲ್ಲರೂ ಇಳಿದಿದ್ದಾರೆ. ಒಬ್ಬಳೂ ಮತ್ತೆ ಏರಿಲ್ಲ. ಓದು ಬಾರದ ಎಪಿಫಾನಿಯಾ ಅಜ್ಜಿಯೂ ಏರಿಲ್ಲ.

ದಪ್ಪವಾದದ್ದು ನಿನ್ನ ತಪ್ಪಲ್ಲ ಅಕ್ಕ. ಮತ್ತೆ ದಪ್ಪವಾದರೆ ಮಾತ್ರ ನಿನ್ನ ತಪ್ಪು.

ನಿನ್ನ ನಿಕಾ


ಪುವೆಬ್ಲಾ, ೫ ಫೆಬ್ರವರಿ

ನಿಕಾ,

ಕರಪತ್ರ ತಲುಪಿತು. ಫೆರ್ಮಿನ್ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕೂತಾಗ ನಿನ್ನ ಕಾಗದವನ್ನೂ ಸೇರಿಸಿ ಜೋರಾಗಿ ಓದಿ ಹೇಳಿದ. ಪಕ್ಕದ ಕುರ್ಚಿಯ ಯಜಮಾನರು "ಯಾವ ಪಾದ್ರಿ ಬರೆದದ್ದಪ್ಪ ಇದು?" ಎಂದರು. ಇವನು "ನಮ್ಮ ಚಿಕ್ಕಮ್ಮ. ಪಾದ್ರಿಗಿಂತ ಜೋರು" ಎಂದ.

ರಾಜರ ಹಬ್ಬದ ಸಿಹಿ ರೊಟ್ಟಿ ಮುರಿದಾಗ ಒಳಗೆ ಅಡಗಿಸಿಟ್ಟ ಬಾಲಯೇಸುವಿನ ಗೊಂಬೆ ನನ್ನ ತುಂಡಿಗೇ ಸಿಕ್ಕಿತು, ನೋಡು ನನ್ನ ಹಣೆಬರಹ. ಗೊಂಬೆ ಸಿಕ್ಕವರೇ ಉಣಿಸಬೇಕಲ್ಲ, ಹಾಗಾಗಿ ಎರಡನೇ ತಾರೀಕು ಜೋಳದ ಹಿಟ್ಟು ನಾದಿ, ಎಲೆಯಲ್ಲಿ ಸುತ್ತಿ ಬೇಯಿಸಿ ಇಡೀ ಕೇರಿಗೆ ತಮಾಲೆ ಹಾಕಿದ್ದು ನಾನೇ. ದಿನಾ ಬಸ್ ನಿಲ್ದಾಣದಲ್ಲಿ ಮಾರುವವಳಿಗೆ ಅದೇನು ಹೊಸದಲ್ಲ. ಆದರೆ ಮಾರುವುದು ಬೇರೆ, ಮನೆಯಲ್ಲಿ ಬಡಿಸುವುದು ಬೇರೆ. ಓಬ್ದುಲಿಯಾ ನಿನಗೆ ಗೊತ್ತಲ್ಲ, ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಫೆರ್ಮಿನ್‌ನ ಜ್ಞಾನಮಾತೆ. ಎಲೆ ಬಿಚ್ಚಿ ನನ್ನ ಮೂಗಿಗೇ ಹಿಡಿದಳು.

"ಒಂದೇ ಒಂದು ತಿನ್ನೇ ಮಾರಾಯ್ತಿ. ಬಾಲಯೇಸು ನಿನ್ ಪಾಲಿಗೆ ಬಂದಿದಾನೆ, ಉಪವಾಸ ಕಳಿಸ್ತೀಯಾ?"

"ಡಾಕ್ಟರ್ ಬೈತಾರೆ ಕಣೇ."

"ಡಾಕ್ಟರ್ ಏನು ನಿನ್ನ ಅಡಿಗೆ ಮನೇಲಿ ಮಂಚ ಹಾಕಿದಾನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಿನ್ನಲಿಲ್ಲ. ಹಿಟ್ಟಿನ ಉಪ್ಪು ನೋಡಿದ್ದಷ್ಟೇ. ಉಪ್ಪು ನೋಡದೆ ಕಲಸಿದರೆ ಅದು ತಮಾಲೆಯಾಗುವುದಿಲ್ಲ, ಗೋಡೆಗೆ ಮೆತ್ತುವ ಮಣ್ಣಾಗುತ್ತದೆ. ಅದನ್ನೂ ಬರೆದಿಡಬೇಕೇನು?

ತೂಕ ಹಾಗೇ ಇದೆ. ಈ ಸೋಮವಾರ ಔಷಧಿ ಅಂಗಡಿಯ ತಕ್ಕಡಿ ಕೆಟ್ಟಿತ್ತು, ಅದಕ್ಕೆ ಸಂಖ್ಯೆ ಬರೆದಿಲ್ಲ. ಈಸ್ಟರ್ ಕಳೆದ ತಕ್ಷಣ ಕರೆಯುತ್ತಾರಂತೆ. ಯಂತ್ರದ ಸೂಜಿ ಚುಚ್ಚುವ ಫೆರ್ಮಿನ್‌ನ ಎಡಗೈ ರಕ್ತನಾಳ ಚೆನ್ನಾಗಿಯೇ ಇದೆ, ಸ್ವಲ್ಪ ಊತ ಅಷ್ಟೇ.

ಅಂಪಾರೋ


ಅತ್ಲಿಕ್ಪಾಕ್, ೨೫ ಫೆಬ್ರವರಿ

ಅಕ್ಕ,

ಹೌದು, ಉಪ್ಪು ನೋಡಿದ್ದನ್ನೂ ಬರೆದಿಡಬೇಕು. ಬಾಯಿಗೆ ಹೋದದ್ದೆಲ್ಲ ಲೆಕ್ಕ. ಕೈಲಿ ಮುರಿದದ್ದು, ನಿಂತು ತಿಂದದ್ದು, ಪಾತ್ರೆ ತೊಳೆಯುವಾಗ ತಳ ಕೆರೆದದ್ದು, ಇವೇ ಬೆನ್ನ ಹಿಂದೆ ಇರಿಯುವವು.

ಮತ್ತೆ ಆ ಓಬ್ದುಲಿಯಾ! ಪ್ರೀತಿಯಿಂದ ಕೊಲ್ಲುವವರ ಪೈಕಿ ಅವಳು. "ಇದು ನಿನ್ನ ಜ್ಞಾನಪುತ್ರನ ಜೀವ, ನಿನ್ನ ತಮಾಲೆ ಅಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳು. ನಾನಾಗಿದ್ದರೆ ಹೇಳುತ್ತಿದ್ದೆ.

ಔಷಧಿ ಅಂಗಡಿಯ ತಕ್ಕಡಿ ಕೆಟ್ಟರೆ ಇನ್ನೊಂದು ಅಂಗಡಿಗೆ ನಡೆ. ಪುವೆಬ್ಲಾದಲ್ಲಿ ಒಂದೇ ಅಂಗಡಿಯೇ? ನಮ್ಮ ತೊಮಾಸಾ ಗುಡ್ಡ ಇಳಿದು ಗುಡ್ಡ ಹತ್ತಿ ಭಾನುವಾರ ತಪ್ಪಿಸದೆ ಬರುತ್ತಾಳೆ, ಆರು ಮಕ್ಕಳ ತಾಯಿ. ಅವಳು ಇಳಿಯುತ್ತಲೇ ಇದ್ದಾಳೆ. ನೀನು ತೊಮಾಸಾಳಿಗಿಂತ ಕಡಿಮೆಯೇ?

ನಿಕಾ


ಪುವೆಬ್ಲಾ, ೯ ಏಪ್ರಿಲ್

ನಿಕಾ,

ಬರೆಯಲು ತಡವಾಯಿತು. ಈಸ್ಟರ್ ಕಳೆಯಿತು, ಕರೆ ಬರಲಿಲ್ಲ. ಸರ್ಜನ್ ಊರಲ್ಲಿಲ್ಲವಂತೆ. ಜೂನ್ ಕೊನೆ ಎಂದರು. ಫೆರ್ಮಿನ್ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ.

ನಾನೊಂದು ಕೆಲಸ ಮಾಡಿದ್ದೇನೆ. ನೀನು ಬೈಯುತ್ತೀಯ ಎಂದು ಗೊತ್ತಿದ್ದೇ ಮಾಡಿದ್ದೇನೆ. ಕುಡುಕರು ಚರ್ಚಿನಲ್ಲಿ ಮಾತೆಯ ವಿಗ್ರಹದ ಮುಂದೆ ಆಣೆ ಇಡುತ್ತಾರಲ್ಲ, ಇಷ್ಟು ತಿಂಗಳು ಮುಟ್ಟುವುದಿಲ್ಲ ಎಂದು, ಹಾಗೇ ನಾನೂ ಇಟ್ಟೆ. ಜೂನ್ ಇಪ್ಪತ್ನಾಲ್ಕರ ಸಂತ ಯೋಹಾನನ ಹಬ್ಬದವರೆಗೆ ರೊಟ್ಟಿಯಂಗಡಿಯ ತಿಂಡಿಯಿಲ್ಲ, ತಮಾಲೆಯಿಲ್ಲ, ಸಕ್ಕರೆಯಿಲ್ಲ. ಪಾದ್ರಿ ಮೊದಲು ನಕ್ಕರು.

"ಅಮ್ಮಾ, ಇಲ್ಲಿಗೆ ಬರೋರೆಲ್ಲ ಹೆಂಡ ಬಿಡೋಕೆ ಬರ್ತಾರೆ. ನೀವು ತಮಾಲೆ ಬಿಡ್ತೀರಾ?"

"ಸ್ವಾಮಿ, ಹೆಂಡ ಆಗಿದ್ರೆ ಸುಲಭ ಇತ್ತು. ಅದನ್ನ ದಿನಾ ಕೈಯಾರೆ ನಾದೋ ಹಾಗಿರ್ಲಿಲ್ಲವಲ್ಲ" ಎಂದೆ.

ಆಮೇಲೆ ಅವರು ನಗಲಿಲ್ಲ. ಚೀಟಿ ಬರೆದು ಸಹಿ ಹಾಕಿ ಕೊಟ್ಟರು. ಎದೆಯ ಬಳಿ ಇಟ್ಟುಕೊಂಡಿದ್ದೇನೆ. ಈಗ ಓಬ್ದುಲಿಯಾ ಕೂಡ ಒತ್ತಾಯ ಮಾಡುವುದಿಲ್ಲ, ನನ್ನ ಮಾತು ಯಾರಿಗೂ ಬೇಕಿರಲಿಲ್ಲ, ಮಾತೆಯ ಆಣೆಗೆ ಎಲ್ಲರೂ ಹೆದರುತ್ತಾರೆ.

ನಿನ್ನ ಹೆಂಗಸರು ನಿಜಕ್ಕೂ ಒಬ್ಬರೂ ಏರಿಲ್ಲವೇ? ಒಬ್ಬಳೂ?

ಅಂಪಾರೋ


ಅತ್ಲಿಕ್ಪಾಕ್, ೧೯ ಮೇ

ಅಕ್ಕ,

ನಿನ್ನ ಕಾಗದ ಓದಿ ಇಷ್ಟು ದಿನ ಬರೆಯದೆ ತಡೆದುಕೊಂಡೆ, ಸಿಟ್ಟು ಇಳಿಯಲಿ ಎಂದು. ಈಗಲೂ ಇಳಿದಿಲ್ಲ.

ಆಣೆ! ಆಣೆಗೆ ಮುಗಿಯುವ ದಿನವಿದೆ. ನಿನ್ನ ಮೈಗೆ ಅಂಥ ದಿನವಿಲ್ಲ. ಕುಡುಕರು ಆಣೆ ಮುಗಿದ ಸಂಜೆ ಏನು ಮಾಡುತ್ತಾರೆಂದು ನಮಗಿಬ್ಬರಿಗೂ ಗೊತ್ತು, ಅಪ್ಪನನ್ನು ಹೊತ್ತು ತಂದದ್ದು ನಾವೇ. ಈ ಕೆಲಸ ಸೈನಿಕನ ಕಾವಲಿನಂಥದ್ದು, ಹರಕೆಯಂಥದ್ದಲ್ಲ. ಪ್ರತಿದಿನ ಸ್ವಲ್ಪ ಸ್ವಲ್ಪ, ಬೇಸರವಾದರೂ, ಸಾಯುವ ತನಕ. ನಿನಗೆ ಬೇಕಾದದ್ದು ಅಭ್ಯಾಸ. ಪವಾಡವನ್ನು ನೆಚ್ಚಿಕೊಂಡು ಕೂರಬೇಡ.

ಗುಂಪಿನ ಬಗ್ಗೆ ಕೇಳಿದ್ದೀಯ. ಗುಂಪು ಚೆನ್ನಾಗಿದೆ. ಈಗ ತಕ್ಕಡಿ ಬದಲಿಸುವ ಯೋಚನೆಯಲ್ಲಿದ್ದೇವೆ, ಅದಕ್ಕೆ ಹೊಸ ಸಂಖ್ಯೆಗಳಿಲ್ಲ. ಅದೇನೂ ದೊಡ್ಡ ವಿಷಯವಲ್ಲ.

ಆ ಚೀಟಿ ಹರಿದುಹಾಕು.

ನಿಕಾ


ಪುವೆಬ್ಲಾ, ೮ ಜುಲೈ

ನಿಕಾ,

ಎಲ್ಲ ಸರಿಯಿದೆ. ದಿನಾಂಕ ಮತ್ತೆ ಮುಂದಕ್ಕೆ ಹೋಯಿತು, ಸೆಪ್ಟೆಂಬರ್ ಮೊದಲ ವಾರ. ಫೆರ್ಮಿನ್ ನಿನ್ನನ್ನು ಕೇಳಿದ.

ಓಬ್ದುಲಿಯಾಳ ಅತ್ತೆಗೆ ಕಾಲು ಊದಿಕೊಂಡಿದೆ. ನೀನು ಹಿಂದೆ ತೊಮಾಸಾಳಿಗೆ ಕೊಡಿಸಿದ್ದೆಯಲ್ಲ, ನೀರು ಇಳಿಸುವ ಮಾತ್ರೆ, ಅದರ ಹೆಸರೇನು? ಬರೆದು ಕಳಿಸು. ಬೇಗ.

ಅಂಪಾರೋ


ಅತ್ಲಿಕ್ಪಾಕ್, ೨೫ ಜುಲೈ

ಅಕ್ಕ,

ನಾನು ಬೈದ ಮೇಲೆ ನೀನು ನನ್ನನ್ನು ಏನೂ ಕೇಳುವುದಿಲ್ಲವೆಂದುಕೊಂಡಿದ್ದೆ. ಕೇಳಿದ್ದು ನೋಡಿ ಖುಷಿಯಾಯಿತು. ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಆದರೆ ಆ ಮುದುಕಿಯನ್ನು ಮೊದಲು ಡಾಕ್ಟರಿಗೆ ತೋರಿಸಲಿ. ಅದು ಮೈಯ ನೀರನ್ನು ಹಿಂಡುತ್ತದೆ, ಆಟದ ವಸ್ತುವಲ್ಲ.

ತೂಕ ಬರೆಯಲೇ ಇಲ್ಲವಲ್ಲ? ಇರಲಿ, ನಿನ್ನ ಮೇಲೆ ನನಗೆ ನಂಬಿಕೆಯಿದೆ. ಆಣೆ ಮುಗಿದೂ ನೀನು ಗಟ್ಟಿಯಾಗಿ ನಿಂತಿದ್ದೀಯ ಎಂದರೆ ನಾನೇ ಸೋತೆ ಅಂತಿಟ್ಟುಕೋ. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಾನಿರುತ್ತೇನೆ.

ನಿಕಾ


ಪುವೆಬ್ಲಾ, ೧೨ ಸೆಪ್ಟೆಂಬರ್

ನಿಕಾನೋರಾ,

ನೀನು ಬರಲಿಲ್ಲ, ಗುಡ್ಡ ಕುಸಿದು ರಸ್ತೆ ಮುಚ್ಚಿತ್ತೆಂದು ದೋನ್ ಮೆಲೇಸಿಯೋ ಹೇಳಿದ. ಬರದಿದ್ದದ್ದೇ ಒಳ್ಳೆಯದಾಯಿತು.

ಕಾಲು ಊದಿದ ಅತ್ತೆ ಯಾರೂ ಇಲ್ಲ. ಓಬ್ದುಲಿಯಾಳ ಅತ್ತೆ ಸತ್ತು ಎಷ್ಟೋ ವರ್ಷವಾಯಿತು, ನೀನೇ ಮಣ್ಣಿಗೆ ಬಂದಿದ್ದೆ. ಅದನ್ನೂ ಮರೆತೆ, ನಾನು ಕೇಳಿದೆನೆಂಬ ಖುಷಿಯಲ್ಲಿ.

ಆಣೆಯನ್ನು ನಾನು ಮುರಿಯಲಿಲ್ಲ. ಅದು ಮುಗಿಯಿತು, ಕೇಡಾದದ್ದು ಅಲ್ಲೇ. ಸಂತ ಯೋಹಾನನ ಹಬ್ಬದ ಮಧ್ಯಾಹ್ನ ಇಡೀ ಕೇರಿ ಬಂತು, ಆಣೆ ಬಿಚ್ಚುವ ಊಟ ಹೊತ್ತುಕೊಂಡು. ಓಬ್ದುಲಿಯಾ ಒಣಮೆಣಸಿನಕಾಯಿ, ಚಾಕೊಲೇಟು ಅರೆದು ಕುದಿಸಿದ ದಪ್ಪ ಸಾರಿನ ದೊಡ್ಡ ಮಡಕೆ ತಂದಿದ್ದಳು. "ಗೆದ್ದೆಯಲ್ಲೇ! ಈಗ ಬಾಯಿ ಬಿಡು" ಎಂದಳು. ಬಾಯಿ ಬಿಟ್ಟೆ. ಮರುದಿನವೂ ಬಿಟ್ಟೆ. ಆಮೇಲೆ, ಹೇಗೂ ಹಾಳಾಯಿತು ಎಂದುಕೊಂಡು ಬಿಟ್ಟೆ. ಜುಲೈನಲ್ಲಿ ನಿನಗೆ ಬರೆದಾಗ ಎಂಬತ್ತೇಳು ಇದ್ದೆ. ಫೆಬ್ರವರಿಯಲ್ಲೂ ತಮಾಲೆ ತಿಂದಿದ್ದೆ. ಔಷಧಿ ಅಂಗಡಿಯ ತಕ್ಕಡಿ ಯಾವತ್ತೂ ಕೆಟ್ಟಿರಲಿಲ್ಲ.

ಮೊದಲ ವಾರ ಕರೆ ಬಂತು. ಅದಕ್ಕೆ ಮುಂಚೆ ಊಟ ಬಿಟ್ಟೆ, ನೀರು ಬಿಟ್ಟೆ, ನಿನ್ನ ಚೀಟಿಯ ಮಾತ್ರೆ ನುಂಗಿದೆ. ಎಂಬತ್ತಕ್ಕೆ ಸರಿಯಾಗಿ ಮುಳ್ಳು ನಿಂತಿತು. ನರ್ಸ್ ಬೆನ್ನು ತಟ್ಟಿದಳು. ರಕ್ತ ಕೊಡಲು ಹೋಗುವ ಓಣಿಯಲ್ಲಿ ಬಿದ್ದೆ. ಎಚ್ಚರವಾದಾಗ ಡಾಕ್ಟರು ಕಾಗದ ಹಿಡಿದು ನಿಂತಿದ್ದರು. ಮಾತ್ರೆಯಿಂದ ಬಾಡಿದ್ದು ನನ್ನ ಮೂತ್ರಪಿಂಡಗಳೇ ಅಂತೆ, ನಿಕಾ. ಕೊಡಬೇಕಾದದ್ದೇ.

"ಚೇತರಿಸ್ಕೊಳ್ಳುತ್ತೆ. ಆದ್ರೆ ಮಾರ್ಚ್ ತನಕ ನಿಮ್ಮನ್ನ ಮುಟ್ಟಲ್ಲ" ಎಂದರು. "ಪ್ರತಿ ವಾರ ಇಲ್ಲೇ ಬಂದು ತೂಗಿಸ್ಕೊಳ್ಳಿ. ನಮಗೆ ಒಂದು ದಿನದ ಎಂಬತ್ತು ಬೇಡ, ತಿಂಗಳುಗಟ್ಟಲೆ ನಿಲ್ಲೋ ಎಂಬತ್ತು ಬೇಕು."

ಫೆರ್ಮಿನ್‌ಗೆ ನಾನೇ ಹೇಳಿದೆ. "ಅಮ್ಮಾ, ನನಗೆ ಅಂತ ಇಟ್ಟಿದ್ದ ಸಾಮಾನನ್ನ ನೀನೇ ಒಣಗಿಸ್ತಿದ್ದೀಯಲ್ಲ" ಎಂದ. ತಮಾಷೆಗೇ ಅಂದದ್ದು. ಅವನ ಎಡಗೈ ನಾಳ ಮೇ ತಿಂಗಳಲ್ಲೇ ಮುಚ್ಚಿಹೋಯಿತು, ನಿನಗೆ ಬರೆದಿರಲಿಲ್ಲ. ಬಲಗೈ ಆಗಸ್ಟಿನಲ್ಲಿ. ಈಗ ಕುತ್ತಿಗೆಗೆ ನಳಿಕೆ ಹಾಕಿದ್ದಾರೆ. ಅದೂ ಹೋದರೆ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಡಾಕ್ಟರು ಮುಂದಿನವರ ಕಡತ ತೆರೆದರು.

ಇನ್ನೊಂದು ಮಾತು. ದೋನ್ ಮೆಲೇಸಿಯೋ ಮೊನ್ನೆ ತಮಾಲೆ ತಿನ್ನುತ್ತಾ, "ನಿನ್ನ ತಂಗಿ ತಕ್ಕಡಿ ಕಥೆ ಗೊತ್ತಿಲ್ವಾ?" ಎಂದು ಹೊಟ್ಟೆ ಹಿಡಿದು ನಗುತ್ತಾ ಎಲ್ಲ ಹೇಳಿದ. ನಾನು ನಗಲಿಲ್ಲ. ನನಗೆ ಗೊತ್ತಾಗಿದ್ದರೆ! ತೊಮಾಸಾ ಜಾರಿದಳು ಎಂದು ನೀನು ಒಂದು ಸಾಲು ಬರೆದಿದ್ದರೆ, ನಾನೂ ಜಾರಿದೆ ಎಂದು ನಾನು ಒಂದು ಸಾಲು ಬರೆಯುತ್ತಿದ್ದೆ. ಲೋಕದಲ್ಲಿ ಬಿದ್ದವಳು ನಾನೊಬ್ಬಳೇ ಎಂದುಕೊಂಡು ಆ ಮಾತ್ರೆ ನುಂಗಿದೆ.

ಅಂಪಾರೋ


ಅತ್ಲಿಕ್ಪಾಕ್, ೨೯ ಸೆಪ್ಟೆಂಬರ್

ಅಕ್ಕ,

ಹೆಸರು ಬರೆದ ಕೈ ನನ್ನದು. ಇದನ್ನು ಬರೆಯುತ್ತಿರುವುದೂ ಅದೇ ಕೈ. ಅದರ ಬಗ್ಗೆ ಹೆಚ್ಚು ಬರೆದರೆ ನಿನ್ನಿಂದ ಸಮಾಧಾನ ಬೇಡಿದಂತಾಗುತ್ತದೆ, ಅದಕ್ಕೆ ಬರೆಯುವುದಿಲ್ಲ.

ತಕ್ಕಡಿಯ ಕಥೆ ಇದು. ಕೊಯ್ಲಿನ ಕಾಲದಲ್ಲಿ ಸಾಹುಕಾರ ನಮ್ಮ ಕಾಫಿ ಕೊಳ್ಳುತ್ತಾನೆ, ಆಗ ಅವನ ತಕ್ಕಡಿ ಕಡಿಮೆ ತೋರಿಸುತ್ತದೆ. ಕೊಯ್ಲು ಮುಗಿದ ಮೇಲೆ ನಮಗೆ ಜೋಳ ಮಾರುತ್ತಾನೆ, ಆಗ ತಿರುಪು ಆಚೆಗೆ ತಿರುಗುತ್ತದೆ, ಹೆಚ್ಚು ತೋರಿಸುತ್ತದೆ. ನವೆಂಬರಿನಲ್ಲಿ ಎಲ್ಲರೂ ಇಳಿದದ್ದು ಹಾಗೆ. ಮೇ ತಿಂಗಳ ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಏರಿದರು. ನಾನು ಅಂಗಳದಲ್ಲಿ ನಿಂತು ಶಿಸ್ತು, ಶತ್ರು, ಸಕ್ಕರೆ ಎಂದು ಭಾಷಣ ಮಾಡಿದೆ. ಎಪಿಫಾನಿಯಾ ಅಜ್ಜಿ ಸೆರಗಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದಳು.

"ಯಾಕಜ್ಜಿ ನಗ್ತೀಯ?"

"ಅಯ್ಯೋ ಮಗಳೇ, ನಾವೇನು ತಿಂದಿಲ್ಲ. ಸಾಹುಕಾರ ಜೋಳ ಮಾರೋಕೆ ಶುರು ಮಾಡಿದಾನೆ, ಅಷ್ಟೇ."

"ನಿಮಗೆಲ್ಲ ಗೊತ್ತಿತ್ತಾ?"

"ಹುಟ್ಟಿದಾಗಿಂದ ಗೊತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

ತೊಮಾಸಾ ಹೇಳಿದಳು: "ನೀನು ಅಷ್ಟು ಕುಣೀತಿದ್ದೆ ಕಣಮ್ಮ. ನಮ್ಮನ್ನ ನೋಡಿ ಯಾರಾದ್ರೂ ಖುಷಿ ಪಟ್ಟಿದ್ದೇ ಮೊದಲ ಸಲ. ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ."

ಮುಂದಿನ ಭಾನುವಾರ ಅರ್ಧ ಜನ ಬರಲಿಲ್ಲ. ನಾನು ಮೋಸಗಾರ ಸಾಹುಕಾರನ ಮೇಲೆ ಉರಿದೆ, ಅವರ ಮೇಲೆ ಉರಿದೆ. ನಿನಗೆ ಮಾತ್ರ ಬರೆಯಲಿಲ್ಲ, ಯಾಕೆಂದರೆ ನಿನ್ನ ಕಣ್ಣಿನಲ್ಲಾದರೂ ನಾನು ಗೆದ್ದವಳಾಗಿರಬೇಕಿತ್ತು.

ಈಗ ಎಪಿಫಾನಿಯಾಳ ಅಡಿಗೆ ಮನೆಯಲ್ಲಿ ಮೂವರು ಸೇರುತ್ತಾರೆ. ಲಸಿಕೆ ಕೊಠಡಿಯ ಸಣ್ಣ ತಕ್ಕಡಿ, ಅದು ಸುಳ್ಳು ಹೇಳುವುದಿಲ್ಲ. ಮೊದಲು ಯಾರೂ ತೂಗಿಕೊಳ್ಳುವುದಿಲ್ಲ. ಮೊದಲು ಆ ವಾರ ಎಲ್ಲಿ ಜಾರಿದೆವೆಂದು ಹೇಳಬೇಕು. ತೊಮಾಸಾ ಗಂಡನ ಜೊತೆ ಜಗಳವಾದ ದಿನ ಸೋಡಾ ಕುಡಿಯುತ್ತಾಳೆ, ಬೇರೆ ದಿನ ಅವಳಿಗೆ ಅದು ನೆನಪೂ ಆಗುವುದಿಲ್ಲ. ಅದು ಗೊತ್ತಾದ ಮೇಲೆ ಜಗಳದ ದಿನ ಅಜ್ಜಿಯ ಮನೆಗೆ ಬಂದು ಕಾಫಿ ಸಿಪ್ಪೆ ಸುಲಿಯುತ್ತಾಳೆ, ಗಂಡನನ್ನು ಬೈಯುತ್ತಾ. ಯಾರಾದರೂ ಏರಿದರೆ ಮಿಕ್ಕವರು ಆ ದಿನವೇ ಅವಳ ಮನೆಗೆ ಹೋಗಿ ಜೊತೆಗೆ ಅಡಿಗೆ ಮಾಡುತ್ತಾರೆ. ಬೈಯುವುದಿಲ್ಲ. ಬೈಯುವವಳು ನಾನೊಬ್ಬಳೇ ಇದ್ದೆ, ನನ್ನನ್ನು ಪಾತ್ರೆ ತೊಳೆಯಲು ಕೂರಿಸಿದ್ದಾರೆ. ಮೂವರೂ ಸಪೂರವಾಗಿಲ್ಲ. ಆದರೆ ಇಳಿದಷ್ಟನ್ನು ಬೇಸಿಗೆಯಿಂದ ಹಿಡಿದುಕೊಂಡಿದ್ದಾರೆ.

ಜಾರಿದವರ ಪಾಠವನ್ನು ನಿನಗೆ ಕಳಿಸಿರಲಿಲ್ಲ. ಹೇಡಿಗಳಿಗೆ ಬರೆದದ್ದು ಎಂದು ಅದರಿಂದ ಒಲೆ ಹಚ್ಚಿದ್ದೆ. ನೆನಪಿದ್ದಷ್ಟು ಬರೆಯುತ್ತೇನೆ: ಎಲ್ಲರೂ ಜಾರುತ್ತಾರೆ. ಒಂದು ಊಟ ಯಾರನ್ನೂ ಹಾಳು ಮಾಡುವುದಿಲ್ಲ, ಅದನ್ನು ಮುಚ್ಚಿಡುವುದು ಹಾಳು ಮಾಡುತ್ತದೆ. ಮುಂದಿನ ಊಟವನ್ನು ಬಿಡಬೇಡ. ಅದೇ ದಿನ ಒಬ್ಬರಿಗೆ ಹೇಳು.

ಉಳಿದದ್ದು ನೆನಪಿಲ್ಲ. ದಪ್ಪವಾದರೆ ನಿನ್ನ ತಪ್ಪು ಎಂದು ಬರೆದಿದ್ದೆ, ಆ ಸಾಲನ್ನು ಹೊಡೆದು ಹಾಕು. ಕುತ್ತಿಗೆಯ ನಳಿಕೆಯ ಬಗ್ಗೆ ನಿಜವನ್ನೇ ಬರೆ.

ನಿಕಾ


ಪುವೆಬ್ಲಾ, ೩ ನವೆಂಬರ್

ನಿಕಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಸಿಟ್ಟಿತ್ತು, ಉತ್ತರಿಸಲಿಲ್ಲ. ಸಿಟ್ಟು ಈಗಲೂ ಇದೆ. ಆದರೆ ಇವತ್ತು ಬರೆಯಬೇಕು, ನಾಳೆಗೆ ಬಿಟ್ಟರೆ ಬರೆಯುವುದಿಲ್ಲ.

ನಿನ್ನೆ ಸತ್ತವರ ಹಬ್ಬ. ಅಮ್ಮನ ಪಟದ ಮುಂದೆ ಎಳ್ಳು ಹಾಕಿದ ರೊಟ್ಟಿ, ಅವಳ ಇಷ್ಟದ ಕುಂಬಳಕಾಯಿ ಪಾಕ, ಎಲ್ಲ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಆ ಪೂಜಾಪೀಠ ತೆಗೆಯುವಾಗ ಆಸ್ಪತ್ರೆಯಿಂದ ರಕ್ತಪರೀಕ್ಷೆಯ ಸುದ್ದಿ ಬಂತು, ಕುತ್ತಿಗೆಯ ನಳಿಕೆಗೆ ಸೋಂಕು ತಗಲಿದೆ ಎಂದು. ನಿಂತಲ್ಲೇ ಅಮ್ಮನ ರೊಟ್ಟಿ ತಿಂದೆ. ಇಡೀ ರೊಟ್ಟಿ. ಆಮೇಲೆ ಪಾಕ. ರುಚಿ ಗೊತ್ತಾಗಲಿಲ್ಲ. ಜ್ವರದಲ್ಲಿ ಮಲಗಿದ್ದ ಫೆರ್ಮಿನ್ ಬಾಗಿಲ ಸಂದಿಯಿಂದ ನೋಡಿ, "ಅಜ್ಜಿ ಪಾಲನ್ನೂ ಬಿಡ್ಲಿಲ್ವಾ?" ಎಂದ. ನಗು ಬಂತು. ಅವನೂ ನಕ್ಕ. 

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದೆ. ಜ್ವರ ಇಳಿದರೆ ನಳಿಕೆಯನ್ನು ಇನ್ನೊಂದು ಪಕ್ಕಕ್ಕೆ ಹಾಕುತ್ತಾರೆ. ಆ ಪಕ್ಕ ಮಾರ್ಚ್ ತನಕ ತಡೆಯಬೇಕು. ತಡೆಯುತ್ತದೆ ಎಂದು ಯಾರೂ ಹೇಳುತ್ತಿಲ್ಲ. ನಾನೂ ತಡೆಯಬೇಕು. ನಾನು ತಡೆಯುತ್ತೇನೆ ಎಂದು ನನಗೂ ಹೇಳಲಾಗುತ್ತಿಲ್ಲ.

ಅಲ್ಲಿಯೇ ತೂಗಿಸಿಕೊಂಡೆ. ಹೋದ ವಾರ ಎಂಬತ್ತೆರಡು. ಇವತ್ತು ಎಂಬತ್ನಾಲ್ಕು. ನರ್ಸ್ ಬರೆದುಕೊಳ್ಳುವಾಗ ನಾನು ಮುಖ ತಿರುಗಿಸಲಿಲ್ಲ, ಸಂಖ್ಯೆಯನ್ನು ನೋಡಿದೆ.

ಬರುವ ದಾರಿಯಲ್ಲಿ ಓಬ್ದುಲಿಯಾಳ ಮನೆಗೆ ಹೋಗಿ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಏನಾದರೂ ತಿನ್ನಿಸುತ್ತಾಳೆ ಎಂದುಕೊಂಡಿದ್ದೆ, ಅವಳಿಗೆ ಬೇರೇನೂ ಬರುವುದಿಲ್ಲ. ಒಲೆ ಆರಿಸಿ ಚಪ್ಪಲಿ ಹುಡುಕಿದಳು.

"ಏನೇ ಮಾಡ್ತಿದ್ದೀಯ?"

"ನೀನು ನಡೀಬೇಕಂತಲ್ಲ. ಒಬ್ಳೇ ನಡೆದ್ರೆ ದಾರೀಲಿ ರೊಟ್ಟಿಯಂಗಡಿ ಸಿಗುತ್ತೆ. ನಡಿ, ಆಸ್ಪತ್ರೆ ತನಕ ಹೋಗ್ಬರೋಣ. ಹುಡುಗ ಊಟ ಮಾಡಿದ್ನೋ ಇಲ್ವೋ."

"ಅವ್ನಿಗೆ ಏನೂ ತಗೊಂಡು ಹೋಗೋ ಹಾಗಿಲ್ಲ ಕಣೇ."

"ಗೊತ್ತು ಮಾರಾಯ್ತಿ. ಬರಿಗೈಲಿ ಹೋಗೋದನ್ನ ನಾನೂ ಕಲೀಬೇಕಲ್ಲ."

ಹೊರಡುವ ಮೊದಲು ನನ್ನ ಮನೆಗೆ ಬಂದು, ಮಧ್ಯಾಹ್ನದ ಊಟಕ್ಕೆ ನನ್ನೆದುರೇ ಕೂತು ಬೀನ್ಸ್ ತಿನ್ನಿಸಿದಳು. ನೀನು ಮುಂದಿನ ಊಟ ಬಿಡಬೇಡ ಎಂದು ಬರೆದಿದ್ದೀಯಲ್ಲ, ಅದಕ್ಕೆ. ಬೇಡವೆನಿಸಿದರೂ ತಿಂದೆ.

ಉತ್ತರದಲ್ಲಿ ಬುದ್ಧಿಮಾತು ಬರೆಯಬೇಡ. ಈ ವಾರ ನಿನಗೆ ಏನು ಮಾಡಲಾಗಲಿಲ್ಲ, ಅದನ್ನು ಮೊದಲು ಬರೆ. ಆಮೇಲೆ ಬೇಕಾದರೆ ಉಳಿದದ್ದು.

ಓಬ್ದುಲಿಯಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಎಷ್ಟು ಉದ್ದ ಬರೀತೀಯೇ ಎನ್ನುತ್ತಿದ್ದಾಳೆ.

ಎಂಬತ್ನಾಲ್ಕು, ನಿಕಾ. ಇವತ್ತೇ ಹೇಳಿದ್ದೇನೆ.

ಅಂಪಾರೋ